ಹಿಂದಿನ ದಿನದ ಆಲೂಗಡ್ಡೆ

ಎಡೆಗೆ ಇಡುವ ಅಡುಗೆಯ ಉಪ್ಪು ನೋಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಸತ್ತವರಿಗೆ ಇಡುವ ಮೊದಲು ಬದುಕಿರುವವರ ನಾಲಿಗೆಗೆ ಅದು ತಾಕಬಾರದು. ಹೀಗಾಗಿ ಪಕ್ಕದ ಮನೆಯ ಅಕ್ಕಾರ ಹನ್ನೊಂದನೆಯ ದಿನದ ಕಾರ್ಯದಲ್ಲಿ ಫೋಟೋದ ಮುಂದೆ ಬಾಳೆಎಲೆ ಹಾಸಿ, ಹೋಳಿಗೆ, ಕೋಸಂಬರಿ, ಬದನೆಕಾಯಿ ಪಲ್ಯಗಳ ನಡುವೆ ಅವರ ಸೊಸೆ ನಾಲ್ಕು ಆಲೂಗಡ್ಡೆಗಳನ್ನು ತಂದಿಟ್ಟಾಗ ಅವುಗಳಲ್ಲಿ ಉಪ್ಪು ಎಷ್ಟಿದೆಯೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಎರಡು ಹೋಳು ಮಾಡಿ, ಒಳಗಿನ ತಿರುಳು ತೆಗೆದು, ಮಸಾಲೆ ಬೆರೆಸಿ ಮತ್ತೆ ತುಂಬಿ, ಬೆಣ್ಣೆ ಸವರಿ ಓವನ್ನಿನಲ್ಲಿ ಕೆಂಪಗೆ ಮಾಡಿದ ಆಲೂಗಡ್ಡೆ. ಹರಿಹರದ ನಮ್ಮ ಓಣಿಯಲ್ಲಿ ಅಂಥದ್ದನ್ನು ಎಡೆಗೆ ಇಟ್ಟದ್ದು ಅದೇ ಮೊದಲು.

"ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿದೆ ಆಂಟಿ," ಎಂದಳು ಸೊಸೆ, ಕಣ್ಣು ಒರೆಸಿಕೊಳ್ಳುತ್ತ. "ನಿನ್ನೆನೇ ಮಾಡಿಡಬೋದಿತ್ತು. ಆದ್ರೆ ಅತ್ತೆ ಹೇಳಿದ್ರಲ್ಲ, ಹಿಂದಿನ ದಿನ ಮಾಡಿದ್ದನ್ನ ಯಾರಿಗೂ ಇಡಬ್ಯಾಡ ಅಂತ."

ನಾನು ತಲೆಯಾಡಿಸಿದೆ. ಬದುಕಿಡೀ ಹಿಂದಿನ ದಿನವೇ ಮಾಡಿಟ್ಟು, ಹಾಗೆ ಮಾಡಿಡುವುದೇ ನಿಜವಾದ ಅಡುಗೆ ಎಂದು ಊರವರೊಡನೆ ಜಗಳವಾಡಿ ಹೆಸರು ಮಾಡಿದ ಹೆಂಗಸು ಕೊನೆಗೆ ಸೊಸೆಗೆ ಬಿಟ್ಟುಹೋದ ಬುದ್ಧಿಮಾತು ಇದು. ಅವರ ಬಾಯಿಂದ ಆ ಮಾತು ಬರುವಂತೆ ಮಾಡಿದವಳು ನಾನು. ಅದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ದಾವಣಗೆರೆಯಲ್ಲಿ ಯಾರಿಗೂ ಗುರುತು ಹತ್ತದು, ಅಲ್ಲಿ ಅವರನ್ನು ಎಲ್ಲರೂ 'ಆಲೂಗಡ್ಡೆ ಅಕ್ಕ' ಎಂದೇ ಕರೆಯುತ್ತಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಓಣಿಯ ನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಆದರೂ ನಾನು ದಾವಣಗೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಕೇಸ್ ವರ್ಕರ್ ಆಗಿದ್ದೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನು 'ಮೇಡಂರೆ' ಎನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ. ನಾನು 'ಅಕ್ಕಾರೆ' ಎನ್ನುತ್ತಿದ್ದೆ. ಅವರ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು.

ಹುಟ್ಟಿದ್ದು ಕೊಕ್ಕನೂರಿನಲ್ಲಿ. ಮದುವೆಯಾಗಿ ಹರಿಹರಕ್ಕೆ ಬಂದರು. ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಅದೇ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಪಾತ್ರೆ ತೊಳೆಯಲು ಸೇರಿದವರು ನೋಡನೋಡುತ್ತ ಒಲೆಯ ಮುಂದೆ ಬಂದು ನಿಂತರು. ಅಲ್ಲಿ ಒಂದು ದೊಡ್ಡ ಓವನ್ ಇತ್ತಂತೆ. ಯಾವುದೋ ಉತ್ತರದ ಕಡೆಯ ಅಧಿಕಾರಿಯ ಹೆಂಡತಿ ಆಲೂಗಡ್ಡೆ ತುಂಬುವುದನ್ನು ಕಲಿಸಿದರಂತೆ. "ಆಕಿಗೆ ಕನ್ನಡ ಬರಲ್ಲ, ನಂಗೆ ಹಿಂದಿ ಬರಲ್ಲ. ಆಲೂಗಡ್ಡೆಗೆ ಎರಡೂ ಬರಲ್ಲ. ಹಂಗಾಗಿ ಚಲೋ ಕಲ್ತೆ," ಎನ್ನುತ್ತಿದ್ದರು. ಆಮೇಲೆ ಗೆಸ್ಟ್ ಹೌಸ್ ಮುಚ್ಚಿತು, ಗಂಡನೂ ಹೋದ. ಇವರು ದಾವಣಗೆರೆಯ ಡಾಕ್ಟರುಗಳ ಮನೆ, ಮಂಡಿಪೇಟೆಯ ವರ್ತಕರ ಮನೆ ಎಂದು ಪಾರ್ಟಿಗಳಿಗೆ ಹೋಗತೊಡಗಿದರು. ಊಟಕ್ಕೆ ಮುಂಚೆ ನಿಂತುಕೊಂಡೇ ತಿನ್ನುವ ತಿನಿಸು ಅವರದು. ಉಳಿದ ಅಡುಗೆ ಯಾರಾದರೂ ಮಾಡಿಕೊಳ್ಳಲಿ, ಆಲೂಗಡ್ಡೆ ಮಾತ್ರ ಅವರದೇ ಆಗಬೇಕು.

ಒಮ್ಮೆ ಅವರ ಜೊತೆ ಆಲೂಗಡ್ಡೆ ಆರಿಸಲು ದಾವಣಗೆರೆ ಮಾರುಕಟ್ಟೆಗೆ ಹೋಗಿದ್ದೆ. ಗೋಣಿಚೀಲವನ್ನು ನೆಲಕ್ಕೆ ಸುರುವಿಸಿ ಒಂದೊಂದನ್ನೇ ಎತ್ತಿ, ಮುಷ್ಟಿಯಲ್ಲಿ ಹಿಡಿದು, ಮುಷ್ಟಿ ಮುಚ್ಚಿದರೆ ಮಾತ್ರ ಬುಟ್ಟಿಗೆ ಹಾಕುತ್ತಿದ್ದರು. ಅಂಗಡಿಯ ಸಾಬರು ಎಷ್ಟೋ ವರ್ಷದ ಪರಿಚಯದವರು. "ಅಕ್ಕಾ, ಹೆಣ್ಣು ನೋಡಾಕೆ ಬಂದವರೂ ಇಷ್ಟು ನೋಡಂಗಿಲ್ಲ, ನಂದು ಅರ್ಧ ದಿನ ಖಲಾಸ್," ಎಂದರು. ಇವರು ತಲೆ ಎತ್ತದೆ, "ಹೆಣ್ಣಿಗೆ ಬಾಯೈತೆ, ಬ್ಯಾಡಾದ್ರೆ ತಾನೇ ಹೇಳ್ತೈತೆ. ಇದಕ್ಕೆ ಎಲ್ಲೈತ್ರಿ ಬಾಯಿ?" ಎಂದರು.

ಆ ಕೆಲಸದಲ್ಲಿ ಅವರಿಗೆ ಅವಸರವೆಂಬುದೇ ಇರಲಿಲ್ಲ. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಮುಕ್ಕಾಲು ಬೇಯಿಸಿ, ಆರಿಸಿ, ಉದ್ದಕ್ಕೆ ಎರಡು ಹೋಳು ಮಾಡಿ, ಚಮಚದಿಂದ ತಿರುಳು ತೆಗೆಯುವುದು. ಗೋಡೆ ಕಿರುಬೆರಳಿನಷ್ಟು ದಪ್ಪ ಉಳಿಯಬೇಕು. ತಿರುಳಿಗೆ ಬೆಣ್ಣೆ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು, ಹಸಿಮೆಣಸಿನಕಾಯಿ, ಕೊತ್ತಂಬರಿ, ಕಾಳುಮೆಣಸು, ತುರಿದ ಚೀಸ್. ಮತ್ತೆ ತುಂಬಿ, ಟ್ರೇನಲ್ಲಿ ಸಾಲಾಗಿಟ್ಟು, ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿಗೆ. ಮರುದಿನ ಮಗನ ಲಗೇಜ್ ಆಟೋದಲ್ಲಿ ದಾವಣಗೆರೆಗೆ ಒಯ್ದು, ಪಾರ್ಟಿಯ ಮನೆಯ ಓವನ್ನಿನಲ್ಲಿ ಇಪ್ಪತ್ತು ನಿಮಿಷ. ಅಷ್ಟೇ.

ಈ 'ಹಿಂದಿನ ದಿನ' ಎಂಬುದೇ ಜಗಳದ ಮೂಲ. ನಮ್ಮ ಜನಕ್ಕೆ ನಿನ್ನೆ ಮಾಡಿದ್ದು ಎಂದರೆ ತಂಗಳು. ಬಂದವರಿಗೆ ತಂಗಳು ಬಡಿಸಿದರೆ ಮನೆತನದ ಮರ್ಯಾದೆ ಹೋಗುತ್ತದೆ. ಮಂಡಿಪೇಟೆಯ ಒಂದು ಮನೆಯಲ್ಲಿ ಹಿರಿಯಮ್ಮನೊಬ್ಬರು ಟ್ರೇ ನೋಡಿ, "ನಿನ್ನೆ ಮಾಡಿದ್ದಾ? ತಂಗಳಾ?" ಎಂದು ಮೂಗು ಮುರಿದರಂತೆ.

"ನಿಮ್ಮನೇ ಉಪ್ಪಿನಕಾಯಿ ಯಾವತ್ತು ಹಾಕಿದ್ದು ಅಮ್ಮಾರೆ?"

"ಹೋದ ವರ್ಷ."

"ಮೊದಲು ಅದನ್ನ ಚೆಲ್ರಿ. ಆಮ್ಯಾಲೆ ಇದನ್ನ ಚೆಲ್ತೀನಿ."

ಆ ಮನೆಯವರು ಮುಂದೆ ಎಲ್ಲ ಕಾರ್ಯಕ್ಕೂ ಇವರನ್ನೇ ಕರೆದರು. ನನಗೆ ಇವರು ಇನ್ನೊಂದು ರೀತಿ ಹೇಳಿದ್ದರು. "ಮಾಡಿದ ಕೂಡ್ಲೇ ತಿಂದ್ರೆ ಉಪ್ಪು ಬ್ಯಾರೆ, ಖಾರ ಬ್ಯಾರೆ, ಆಲೂಗಡ್ಡೆ ಬ್ಯಾರೆ ಇರ್ತಾವ್ರಿ. ಒಂದು ರಾತ್ರಿ ಒಂದೇ ಮನೆಯಾಗೆ ಮಲಗಿದ್ರೆ ಹೊಂದ್ಕೊಂತಾವೆ. ನಾವೂ ಹಂಗೆ ಅಲ್ಲೇನ್ರಿ, ಗಂಡನ ಮನೆಗೆ ಬಂದ ದಿನವೇ ನಮ್ಮನ್ನ ಯಾರಾರ ನೋಡಿದ್ರೆ ಏನನ್ಕೊಂತಿದ್ರು?" ಇದನ್ನು ಅವರು ನಂಬಿದ್ದರು. ದೇವರನ್ನು ಎಷ್ಟು ನಂಬಿದ್ದರೋ ನನಗೆ ಗೊತ್ತಿಲ್ಲ, ಇದನ್ನು ಮಾತ್ರ ಪೂರ್ತಿ ನಂಬಿದ್ದರು.

ಅವರಿಗಿದ್ದ ಒಂದೇ ಚಟ ಎಲೆಅಡಿಕೆ, ಜೊತೆಗೆ ಹೊಗೆಸೊಪ್ಪು. ಎಡಗೆನ್ನೆಯೊಳಗೆ ಸದಾ ಒಂದು ಉಂಡೆ. ಅಡುಗೆ ಶುರು ಮಾಡುವ ಮುನ್ನ ಬಾಯಿ ಮುಕ್ಕಳಿಸಿ ಉಗುಳಿ ಬರುತ್ತಿದ್ದರು, ಮುಗಿಸಿದ ಮರುಕ್ಷಣ ಮತ್ತೆ ಬಾಯಿಗೆ. ಕೆನ್ನೆಯೊಳಗೆ ಹುಣ್ಣಾಗಿ ಮೂರು ತಿಂಗಳಾದರೂ ಯಾರಿಗೂ ಹೇಳಲಿಲ್ಲ. ಖಾರ ತಾಕಿದರೆ ಕಣ್ಣಲ್ಲಿ ನೀರು ಬರುವುದನ್ನು ಕಂಡು ನಾನೇ ಬೈದು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಯಾಪ್ಸಿ, ಆಪರೇಷನ್, ಆಮೇಲೆ ವಾರಗಟ್ಟಲೆ ರೇಡಿಯೇಷನ್. ಕೆನ್ನೆ ಒಳಕ್ಕೆ ಹೋಯಿತು. ಬಾಯಿ ಒಣಗಿ, ಎಲ್ಲಿಗೆ ಹೋದರೂ ನೀರಿನ ಬಾಟಲಿ ಜೊತೆಗಿರಬೇಕಾಯಿತು. ಆರು ತಿಂಗಳಿಗೆ ಎದ್ದು ಮತ್ತೆ ಸೆರಗು ಸಿಕ್ಕಿಸಿದರು. ಗೆದ್ದರು ಎಂದುಕೊಂಡೆವು.

ಒಂದು ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಂದು ಬಟ್ಟಲು ಸಾರು ಹಿಡಿದು ಬಂದರು. ಕುಡಿಯಲು ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು.

"ಉಪ್ಪು ಐತೇನ್ರಿ ಇದ್ರಾಗೆ?"

"ಇಲ್ವಲ್ರಿ ಅಕ್ಕಾರೆ. ಮರೆತೀರಿ."

ಅವರು ನೆಲದ ಮೇಲೆ ಕುಳಿತುಬಿಟ್ಟರು. ಮೂರು ಸಲ ಹಾಕಿದ್ದೆನೋ ಒಂದು ಸಲವೂ ಹಾಕಿಲ್ಲವೋ ತಿಳಿಯುತ್ತಿಲ್ಲ ಎಂದರು. ರೇಡಿಯೇಷನ್ ಆದಂದಿನಿಂದ ನಾಲಿಗೆಗೆ ಏನೂ ತಿಳಿಯುತ್ತಿರಲಿಲ್ಲ. ಬರುತ್ತೆ ಬರುತ್ತೆ ಎಂದು ಡಾಕ್ಟರು ಹೇಳಿದ್ದರು, ಬರಲಿಲ್ಲ. ಮೂಗು ಮಾತ್ರ ಚುರುಕಾಗಿಯೇ ಇತ್ತು. ವಾಸನೆಗೆ ಖಾರ ಸಿಗುತ್ತದೆ, ಹುಳಿ ಸಿಗುತ್ತದೆ, ಸೀದದ್ದು ಸಿಗುತ್ತದೆ. ಉಪ್ಪು ಸಿಗುವುದಿಲ್ಲ.

"ಯಾರ ಮುಂದೂ ಅನ್ನಬ್ಯಾಡ್ರಿ ಮೇಡಂರೆ. ಸೊಸೆಗೆ ಗೊತ್ತಾದ್ರೆ ಪಾಪ ಒಳ್ಳೇದಕ್ಕೇ ಹೇಳ್ತಾಳೆ, 'ಸಾಕು ಬಿಡ್ರಿ ಅತ್ತೆ, ಕೂಡ್ರಿ' ಅಂತಾಳೆ. ನಾ ಒಮ್ಮೆ ಕುಂತ್ರೆ ಮತ್ತೆ ಏಳಂಗಿಲ್ಲ."

ಹಾಗೆ ನಾನು ಅವರ ನಾಲಿಗೆಯಾದೆ. ಪಾರ್ಟಿಯ ದಿನ ದಾವಣಗೆರೆಯ ಯಾರದೋ ಮನೆಯಲ್ಲಿ ನಾನಿರಲು ಸಾಧ್ಯವಿಲ್ಲ. ಹಿಂದಿನ ದಿನ ಸಂಜೆ ಅವರ ಅಡುಗೆಮನೆಯಲ್ಲಿ ಇರಬಹುದು. ಹಿಂದಿನ ದಿನ ಮಾಡಿಡುವ ಅವರ ಹಳೆಯ ಪದ್ಧತಿಯೇ ಈಗ ಅವರ ಗುಟ್ಟನ್ನೂ ಕಾಯತೊಡಗಿತು. ಸಂಜೆ ಬಸ್ಸಿಳಿದು ಕಾಲು ತೊಳೆಯುವ ಮೊದಲು ಅವರ ಹಿತ್ತಲ ಬಾಗಿಲಿಗೆ ಹೋಗುತ್ತಿದ್ದೆ. ಅವರು ಚಮಚ ಕೊಡುತ್ತಿದ್ದರು.

ಮೊದಮೊದಲು ನನಗೂ ಪಾಠವಾಯಿತು. ಮೂರು ಲೋಟ ನೀರಿಗೆ ಬೇರೆ ಬೇರೆ ಅಳತೆಯ ಉಪ್ಪು ಹಾಕಿ ಯಾವುದು ಹೆಚ್ಚು, ಯಾವುದು ಕಡಿಮೆ ಹೇಳೆಂದರು. ನಾನು ಎರಡು ತಪ್ಪು ಹೇಳಿದೆ. "ಡಿಗ್ರಿ ಓದೀರಿ, ನಾಲಿಗೆ ಶಾಲೆಗೆ ಹೋಗಿಲ್ಲ ನಿಮ್ದು," ಎಂದು ಬೈದರು. 'ಚೆನ್ನಾಗಿದೆ' ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಚಲೋ ಐತೆ ಅಂತ ಹೇಳಾಕೆ ಬೀಗರಿದಾರೆ. ನೀವು ನಂಗೆ ಉಪ್ಪು ಎಷ್ಟೈತೆ ಹೇಳ್ರಿ." ತಿಂಗಳೊಳಗೆ ನಾನು ತಯಾರಾದೆ. ಇನ್ನೊಂದು ಚಿಟಿಕೆ, ಇನ್ನರ್ಧ ಚಿಟಿಕೆ, ಸಾಕು ಎಂದು ಹೇಳುವಷ್ಟಾದೆ. ಎರಡು ವರ್ಷದಲ್ಲಿ ಒಬ್ಬರೂ ಕೊರತೆ ಹೇಳಲಿಲ್ಲ. ನಮ್ಮ ಮನೆಯವರು, "ಆಫೀಸಿಂದ ಬಂದವಳು ನೆಟ್ಟಗೆ ಪಕ್ಕದ ಮನೆಗೆ ತಿನ್ನಾಕೆ ಹೋಗ್ತಾಳೆ," ಎಂದು ಹಂಗಿಸುತ್ತಿದ್ದರು. ಅವರ ಸೊಸೆಯೂ ನನ್ನನ್ನು ತಿಂಡಿಪೋತಿ ಎಂದೇ ತಿಳಿದಿದ್ದಳು. ನಾನು ಬಾಯಿ ಬಿಡಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಜಂಬವಿತ್ತು. ಕಚೇರಿಯಲ್ಲಿ ನನ್ನ ಮಾತಿಗೆ ಕಾಸಿನ ಬೆಲೆಯಿಲ್ಲ. ಇಲ್ಲಿ ಊರಿನ ದೊಡ್ಡ ದೊಡ್ಡ ಮನೆಗಳ ಪಾರ್ಟಿಗಳು ನನ್ನ ಒಂದು 'ಸಾಕು'ವಿನ ಮೇಲೆ ನಿಂತಿದ್ದವು.

ಆ ಹೊತ್ತಿಗೆ ನಾನು ಮಗಳಿಗೆ ಗಂಡು ನೋಡುತ್ತಿದ್ದೆ. ಬಂದವರೆಲ್ಲ ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ. ಹದಿನಾರು ಸೋಮವಾರ ಹಿಡಿ ಎಂದು ನನ್ನ ಅಕ್ಕ ಹೇಳಿದಳು. ಸೋಮವಾರ ಬೆಳಿಗ್ಗೆ ಹರಿಹರೇಶ್ವರನ ಗುಡಿಗೆ ಹೋಗಿ ಬರಬೇಕು, ಇಡೀ ದಿನ ಉಪ್ಪು ಮುಟ್ಟಬಾರದು. ನಡುವೆ ಒಂದು ಸೋಮವಾರ ಕೆಟ್ಟರೆ ಮತ್ತೆ ಮೊದಲಿಂದ. ಇದನ್ನು ನಾನು ಅಕ್ಕಾರಿಗೆ ಹೇಳಿರಲಿಲ್ಲ. ಮಗಳಿಗೆ ಗಂಡು ಸಿಗುತ್ತಿಲ್ಲ ಎಂದು ಓಣಿಗೆ ಸಾರುವುದು ಬೇಡವೆಂದು ಮನೆಯವರು ಹೇಳಿದ್ದರು. ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಪಾರ್ಟಿಗಳೆಲ್ಲ ಶನಿವಾರ, ಭಾನುವಾರ. ನಾನು ಉಪ್ಪು ನೋಡುತ್ತಿದ್ದದ್ದು ಶುಕ್ರವಾರ, ಶನಿವಾರ.

ಹದಿನಾಲ್ಕನೆಯ ಸೋಮವಾರದ ಮರುದಿನ, ಮಂಗಳವಾರ, ದಾವಣಗೆರೆಯ ಒಬ್ಬ ಡಾಕ್ಟರ ಮನೆಯಲ್ಲಿ ಪಾರ್ಟಿ ಬಂತು. ಜೊತೆಗೆ ಓದಿದ ಗೆಳೆಯರೆಲ್ಲ ಸೇರುವುದು, ಅವರಲ್ಲೊಬ್ಬರು ಬುಧವಾರ ಪರದೇಶಕ್ಕೆ ಹೊರಡುವವರು. ಹಾಗಾಗಿ ಮಂಗಳವಾರವೇ ಆಗಬೇಕಾಗಿತ್ತು. ಊರಿನ ಹೆಸರಾಂತ ಡಾಕ್ಟರುಗಳೆಲ್ಲ ಹೆಂಡಂದಿರ ಸಮೇತ ಬರುವವರಿದ್ದರು. ಇವರನ್ನು ಪಾರ್ಟಿಗೆ ಕರೆಯುವ ಮನೆಗಳೆಲ್ಲ ಒಂದೇ ಮನೆಯಲ್ಲಿ ಸೇರಿದಂತೆ.

ಸೋಮವಾರ ಸಂಜೆ ನಾನು ಬಸ್ಸಿಳಿದು ಬಂದಾಗ ಅಕ್ಕಾರು ಹಿತ್ತಲ ಬಾಗಿಲಲ್ಲೇ ನಿಂತಿದ್ದರು.

"ಬರ್ರಿ, ಬರ್ರಿ. ಇವತ್ತು ಸ್ವಲ್ಪ ನಿಧಾನಕ್ಕೆ ನೋಡಿ ಹೇಳಬೇಕ್ರಿ. ಬೆಣ್ಣೆ ಅವರೇ ಕೊಟ್ಟಾರೆ, ಅಂಗಡಿ ಪ್ಯಾಕೆಟ್ಟಿಂದು. ಚೀಸೂ ಅವರದೇ, ಯಾವ್ದೋ ಹೊರಗಿಂದಂತೆ. ನಂಗೆ ಇದ್ರ ಅಂದಾಜಿಲ್ಲ."

ಇವತ್ತು ಸೋಮವಾರ, ನನಗೆ ಉಪ್ಪು ನಡೆಯಲ್ಲ ಎನ್ನಬಹುದಿತ್ತು. ಎರಡು ಮಾತು. ಅಂದಿದ್ದರೆ ಅವರು ಸೊಸೆಯನ್ನೋ ಮತ್ತೊಬ್ಬರನ್ನೋ ಕರೆಯಬೇಕಾಗುತ್ತಿತ್ತು, ಗುಟ್ಟು ಬಯಲಾಗುತ್ತಿತ್ತು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ನನ್ನ ವ್ರತವೂ ಉಳಿಯಬೇಕು, ಅವರ ನಾಲಿಗೆ ಎಂಬ ಪದವಿಯೂ ನನಗೇ ಉಳಿಯಬೇಕು ಎಂಬ ಆಸೆ. ಎರಡು ವರ್ಷದಲ್ಲಿ ಅವರ ಅಂದಾಜು ಒಂದು ಚಿಟಿಕೆಗಿಂತ ಹೆಚ್ಚು ತಪ್ಪಿರಲಿಲ್ಲ, ಇವತ್ತೇಕೆ ತಪ್ಪುತ್ತದೆ ಎಂಬ ಧೈರ್ಯ. ಅವರು ಟ್ರೇಗೆ ಮುಚ್ಚುವ ಬಟ್ಟೆ ಹಿಂಡಲು ತಿರುಗಿದಾಗ ಚಮಚದಲ್ಲಿದ್ದದ್ದನ್ನು ಕರ್ಚೀಫಿಗೆ ಒರೆಸಿಕೊಂಡೆ. ಬಾಯಿ ಚಪ್ಪರಿಸಿದ ಸದ್ದನ್ನೂ ಮಾಡಿದೆ. 

"ಹೆಂಗೈತ್ರಿ?"

"ಸರಿ ಐತ್ರಿ."

"ಒಂದು ಚಿಟಿಕೆ?"

"ಬ್ಯಾಡ. ಸಾಕು."

ಅವರು ನೆಮ್ಮದಿಯಿಂದ ತುಂಬತೊಡಗಿದರು. ನಾನು ಮನೆಗೆ ಬಂದು ಕರ್ಚೀಫು ತೊಳೆದು, ಉಪ್ಪಿಲ್ಲದ ಗೋಧಿಹಿಟ್ಟಿನ ಸಿಹಿ ತಿಂದು ಮಲಗಿದೆ.

ಮುಂದಿನದನ್ನು ಅವರೇ ಬುಧವಾರ ನನಗೆ ಹೇಳಿದರು, ಯಾರದೋ ಮನೆಯ ಸುದ್ದಿ ಹೇಳುವ ದನಿಯಲ್ಲಿ. ಆಲೂಗಡ್ಡೆ ಓವನ್ನಿನಿಂದ ಚೆಂದವಾಗಿ ಕೆಂಪಗಾಗಿಯೇ ಹೊರಬಂದಿದ್ದವು. ಎಲ್ಲರೂ ಒಂದೊಂದು ಕೈಗೆತ್ತಿಕೊಂಡರು. ಒಬ್ಬರಾದ ಮೇಲೊಬ್ಬರು ಕಚ್ಚಿದ್ದನ್ನು ತಟ್ಟೆಯಲ್ಲೇ ಬಿಟ್ಟರು. ಮನೆಯೊಡತಿ ಅಡುಗೆಮನೆಗೆ ಬಂದು, "ಏನ್ರಿ ಅಕ್ಕ ಇದು, ಬಾಯಿಗೆ ಇಡಂಗಿಲ್ಲ. ನೀವೇ ತಿಂದು ನೋಡ್ರಿ," ಎಂದು ಒಂದನ್ನು ಕೈಗಿತ್ತರು. ನಾಲ್ಕಾರು ಜನ ಬಾಗಿಲಲ್ಲಿ ಬಂದು ನಿಂತಿದ್ದರು. ಇವರು ತಿಂದರು. ನೀರು ಕುಡಿದು ನುಂಗಿದರು. ಏನು ಹೆಚ್ಚು, ಏನು ಕಡಿಮೆ ತಿಳಿಯಲಿಲ್ಲ.

"ಸರಿ ಐತಲ್ರಿ ಅಂದೆ," ಎಂದರು ನನಗೆ. "ನೀವು ಸರಿ ಐತೆ ಅಂದಿದ್ರಲ್ಲ, ಅದಕ್ಕೆ."

ಬಾಗಿಲಲ್ಲಿ ಯಾರೋ ನಕ್ಕರಂತೆ. ಆ ಮನೆಯ ಡಾಕ್ಟರು ಮಾತ್ರ ನಗಲಿಲ್ಲ. ಒಳಗೆ ಬಂದು ಇವರ ಕೆನ್ನೆ ನೋಡಿ, "ಅಮ್ಮ, ನಿಮಗೆ ರೇಡಿಯೇಷನ್ ಆಗಿದೆಯಾ? ರುಚಿ ಗೊತ್ತಾಗ್ತಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಬಂದವರಿಗೆಲ್ಲ ಅದೇಕೆ ಹಾಗಾಗುತ್ತದೆ ಎಂದು ವಿವರಿಸಿದರು. ಎಲ್ಲರೂ ಪಾಪ ಅಂದರು. ಹೊರಡುವಾಗ ಹೋಳಿಗೆ ಕಟ್ಟಿಕೊಟ್ಟು ಕಾರಿ‌ನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡಿಸಿದರು.

ಬೈದಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದರು. ಪಾಪ ಅಂದಮೇಲೆ ಮುಗಿಯಿತು. ರುಚಿ ತಿಳಿಯದ ಅಡುಗೆಯವರನ್ನು ಯಾರು ಕರೆಯುತ್ತಾರೆ? ಆಮೇಲೆ ಅವರ ಫೋನು ರಿಂಗಾಗಲಿಲ್ಲ. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿನ್ನದೆ ಉಳಿದವಳು ನಾನು, ನೀರು ಕುಡಿದವರು ಅವರು.

"ನಿಮ್ಮ ಹೆಸರು ಎಲ್ಲೂ ಬರಲಿಲ್ಲ ಬಿಡ್ರಿ," ಎಂದು ಬೇರೆ ಹೇಳಿದರು ನನಗೆ.

ಆವತ್ತೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಅವರೇ ಲೆಕ್ಕ ಹಾಕಿ ಮುಗಿಸಿಬಿಟ್ಟಿದ್ದರು. "ಬೆಣ್ಣೆಯಾಗೂ ಉಪ್ಪಿತ್ತಂತೆ, ಚೀಸಿನಾಗೂ ಇತ್ತಂತೆ. ನೀವು ನೋಡಿದಾಗ ಸರಿ ಇತ್ತು. ಅಂದ್ರೆ ರಾತ್ರೆಲ್ಲ ಕುಂತು ಕುಂತು ಉಪ್ಪು ಬಿಟ್ಟುಕೊಂಡೈತೆ. ಮಂಡಿಪೇಟೆ ಅಮ್ಮ ಅವತ್ತೇ ಹೇಳಿದ್ಲು, ತಂಗಳು ಅಂತ. ನಾ ಸೊಕ್ಕಿನಿಂದ ಮಾತಾಡಿದೆ. ಹಿಂದಿನ ದಿನ ಮಾಡಿಡಬಾರದಾಗಿತ್ತು ಮೇಡಂರೆ. ಇಷ್ಟು ವರ್ಷ ಎಲ್ಲರಿಗೂ ತಂಗಳು ತಿನ್ನಿಸೀನಿ."

ನನ್ನ ಮಾತು ಸುಳ್ಳಿರಬಹುದು ಎಂಬ ಅನುಮಾನವೇ ಅವರಿಗೆ ಬರಲಿಲ್ಲ. ಅದರ ಬದಲು ತಮ್ಮ ಇಡೀ ಬದುಕಿನ ಕೆಲಸವನ್ನೇ ತಪ್ಪು ಎಂದುಕೊಂಡರು. ಆದರೂ ನಾನು ಹೇಳಲಿಲ್ಲ. ಇನ್ನೆರಡು ಸೋಮವಾರ ಉಳಿದಿತ್ತು, ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಮುಗಿಯಿತು. ಹದಿನಾರನೆಯದಾದ ವಾರಕ್ಕೆ ಮಾಯಕೊಂಡದ ಕಡೆಯ ಒಂದು ಸಂಬಂಧ ಕೂಡಿಬಂತು. ದೇವರು ಕಣ್ಣು ಬಿಟ್ಟ ಎಂದರು ಎಲ್ಲರೂ. ಬಿಟ್ಟ ಕಣ್ಣಿನಿಂದ ಅವನು ಕರ್ಚೀಫನ್ನು ನೋಡಲಿಲ್ಲವೇ ಎಂದು ನನಗೆ ಅನ್ನಿಸಿತು, ಎದುರಾಡಲಿಲ್ಲ. ನಿಶ್ಚಿತಾರ್ಥಕ್ಕೆ ಆಲೂಗಡ್ಡೆ ನೀವೇ ಮಾಡಬೇಕು ಎಂದು ಅಕ್ಕಾರನ್ನು ಕೇಳಲು ಹೋದೆ. ನಾನೇ ನಿಂತು ಉಪ್ಪು ನೋಡಿ, ಅವರ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಬೇಕೆಂಬ ಹಟವಿತ್ತು.

"ಬ್ಯಾಡ್ರಿ," ಎಂದರು. ಅಡುಗೆಮನೆಯಲ್ಲಿ ಸೊಸೆ ರೊಟ್ಟಿ ತಟ್ಟುತ್ತಿದ್ದಳು, ಇವರು ಹೊರಗೆ ಕುರ್ಚಿಯಲ್ಲಿ ಕೂತಿದ್ದರು. "ನಿಮ್ಮ ಮಗಳ ಕಾರ್ಯ ಕೆಡಬಾರದು. ನನ್ನ ಕೈ ಕೆಟ್ಟೈತೆ."

ನಾನು ಒಂದು ಸಲ ಒತ್ತಾಯ ಮಾಡಿದೆ, ಎರಡನೆಯ ಸಲ ಮಾಡಲಿಲ್ಲ. ಬೀಗರ ಮುಂದೆ ಏನಾದರೂ ಹೆಚ್ಚುಕಮ್ಮಿಯಾದರೆ ಎಂಬ ಭಯ ನನಗೂ ಇತ್ತು. ಅವರು ಬೇಡವೆಂದಾಗ ಹಗುರವೆನಿಸಿತು. ಇಂಥವಳು ನಾನು.

ಮಗಳ ಮದುವೆಯಾಗಿ ಎರಡು ತಿಂಗಳಿಗೆ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಈ ಸಲ ಆಪರೇಷನ್ ಬೇಡ ಎಂದು ಡಾಕ್ಟರೇ ಹೇಳಿದರು. ಮೂಗಿಗೆ ನಳಿಕೆ ಹಾಕಿ, ಅದರಲ್ಲಿ ಗಂಜಿ ಬಿಡುತ್ತಿದ್ದರು. ಗಟ್ಟಿಮುಟ್ಟಾದ ಆ ದೇಹ ಚಾಪೆಗೆ ಅಂಟಿಕೊಂಡು ಮಗುವಿನಷ್ಟಾಯಿತು. ದನಿ ಇತ್ತು, ಕಿವಿ ಹತ್ತಿರ ಒಯ್ದರೆ ಕೇಳುವಷ್ಟು.

ಒಂದು ಭಾನುವಾರ ಮಧ್ಯಾಹ್ನ ಸೊಸೆ ಔಷಧಿ ತರಲು ಹೋದಾಗ ನಾನು ಪಕ್ಕದಲ್ಲಿ ಕೂತಿದ್ದೆ. ಮೆಲ್ಲಗೆ ಅವರೇ ಮಾತು ತೆಗೆದರು. ಸೊಸೆ ಆಲೂಗಡ್ಡೆ ಕಲಿಯಬೇಕು ಅಂತಾಳೆ, ಎಲ್ಲ ಹೇಳಿಕೊಟ್ಟೀನಿ, ಆದ್ರೆ ಹಿಂದಿನ ದಿನ ಮಾತ್ರ ಮಾಡಬ್ಯಾಡ ಅಂದೀನಿ, ನಾ ಮಾಡಿದ ತಪ್ಪು ಅವಳು ಮಾಡೋದು ಬ್ಯಾಡ ಎಂದರು.

ಇನ್ನು ತಡೆಯಲಾಗಲಿಲ್ಲ. ಅವರ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಸೋಮವಾರದ ವ್ರತ, ಚಮಚ, ಕರ್ಚೀಫು, ಬಾಯಿ ಚಪ್ಪರಿಸಿದ ಸದ್ದು. ನಾನು ತಿಂದೇ ಇರಲಿಲ್ಲ ಅಕ್ಕಾರೆ, ಉಪ್ಪು ಮೊದಲೇ ಹೆಚ್ಚಿತ್ತು, ರಾತ್ರಿ ಏನೂ ಆಗಲಿಲ್ಲ, ಹಿಂದಿನ ದಿನ ಮಾಡಿದ್ದು ತಪ್ಪಲ್ಲ, ನಿಮ್ಮ ಕೈ ತಪ್ಪಲಿಲ್ಲ, ತಪ್ಪಿದವಳು ನಾನು ಎಂದು ಅತ್ತುಬಿಟ್ಟೆ.

ಅವರು ಉಳಿದ ಅರ್ಧ ಬಾಯಲ್ಲಿ ನಕ್ಕರು.

"ಎಂಥಾ ಒಳ್ಳೇರ್ರಿ ನೀವು," ಎಂದರು.

"ಅಕ್ಕಾರೆ, ನಿಜ ಹೇಳ್ತಿದೀನಿ."

"ಎರಡು ವರ್ಷ ನಿಮ್ಮ ನಾಲಿಗೆ ಮ್ಯಾಲೆ ಅನ್ನ ತಿಂದೀನಿ ನಾನು. ಒಂದು ಹರಳಿನಷ್ಟು ಹೆಚ್ಚು ಹೇಳಿಲ್ಲ, ಕಮ್ಮಿ ಹೇಳಿಲ್ಲ. ಈಗ ಸಾಯೋಳಿಗೆ ಸಮಾಧಾನ ಆಗ್ಲಿ ಅಂತ ಇಲ್ಲದ್ದನ್ನ ತಲೆ ಮ್ಯಾಲೆ ಹಾಕ್ಕೊಂತೀರಿ. ನಿಮಗೆ ಸುಳ್ಳು ಹೇಳಾಕೆ ಬರಲ್ಲ ಮೇಡಂರೆ, ಬಿಡ್ರಿ."

"ಸುಳ್ಳಲ್ರಿ. ನನ್ನ ಮಗಳ ಆಣೆ."

ಅವರ ಮುಖ ಬಿಗಿಯಿತು. ಮನೆಯೊಡತಿಯರನ್ನು ಗದರುತ್ತಿದ್ದ ಹಳೆಯ ಕಣ್ಣುಗಳು ಒಂದು ಕ್ಷಣ ತಿರುಗಿ ಬಂದವು. ನನ್ನ ಮಣಿಕಟ್ಟನ್ನು ಹಿಡಿದ ಬೆರಳುಗಳಲ್ಲಿ ಎಲ್ಲಿತ್ತೋ ಅಷ್ಟು ಬಲ.

"ಸುಳ್ಳಿಗೆಲ್ಲ ಮಗಳ ಮ್ಯಾಲೆ ಆಣೆ ಇಡ್ತಾರೇನ್ರಿ? ಈಗಿನ್ನೂ ಮದುವೆ ಆದ ಕೂಸು. ಬಿಡ್ತು ಅನ್ರಿ."

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ.

"ಬಿಡ್ತು ಅನ್ರಿ ಮೊದಲು."

ಕೈ ಬಿಡಲಿಲ್ಲ ಅವರು. ಬಿಡ್ತು ಅಂದೆ.